ಒದೆಯಬಾರದ ಚೆಂಡು

ಕಾಲೇಜಿನಲ್ಲಿದ್ದಾಗ ಅರುಣಕುಮಾರನ ಎಡಗಾಲಿನ ಆಟ ನೋಡಲು ಅಕ್ಕಪಕ್ಕದ ಊರಿನವರೂ ಬರುತ್ತಿದ್ದರು. ವಿಶ್ವವಿದ್ಯಾಲಯದ ತಂಡಕ್ಕೂ ಒಂದು ವರ್ಷ ಆಡಿದ. ಆಮೇಲೆ ಆ ಕಾಲು ಕೊಟ್ಟೂರಿನ ಖಾಸಗಿ ಹೈಸ್ಕೂಲೊಂದಕ್ಕೆ ಫುಟ್‌ಬಾಲ್ ಕೋಚ್ ಆಗಿ ನಡೆದುಬಂತು. ಹೆಸರಿಗೆ ಕೋಚ್. ಬಸ್ಸಿನಲ್ಲಿ ಮಕ್ಕಳನ್ನು ಎಣಿಸುವುದು, ಪ್ರಾರ್ಥನೆಯ ಸಾಲು ನೆಟ್ಟಗೆ ಮಾಡುವುದು, ಅತಿಥಿಗಳಿಗೆ ಶಾಲು ಹುಡುಕುವುದು ಇವೆಲ್ಲ ಮುಗಿದ ಮೇಲೆ ಉಳಿಯುವ ಸಂಜೆಯಲ್ಲಿ ಫುಟ್‌ಬಾಲ್.

ಕಬಡ್ಡಿಗೆ ತೊಡೆ ತಟ್ಟುವ ಸೀಮೆ ಅದು. ಅವನು ಹುಡುಗಿಯರ ತಂಡ ಕಟ್ಟಿದಾಗ ಬೇಲಿಯಾಚೆ ನಿಂತವರು ನಕ್ಕರು. ನಗುವುದಕ್ಕೆ ಕಾರಣವೂ ಇತ್ತು: ತಂಡ ಇದುವರೆಗೆ ಒಂದು ಗೋಲನ್ನೂ ಹೊಡೆದಿರಲಿಲ್ಲ.

"ಮಾಸ್ತರ, ಜಿಲ್ಲಾ ಪಂದ್ಯದಾಗ ಈ ಸಲ ಒಂದ ಗೋಲರ ಹೊಡಿಸ್ರಿ. ಇಲ್ಲಾಂದ್ರ ತಂಡ ಬಿಟ್ಟು ಬರೇ ಬಸ್ಸು ನೋಡ್ಕೊಂಡಿರ್ರಿ" ಎಂದರು ಶಾಲೆಯ ಕಾರ್ಯದರ್ಶಿ ಗುರುಸಂಗಪ್ಪ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪ್ರತಿ ವರ್ಷ ಬಸ್ಸಿಗೆ, ಕಂಪ್ಯೂಟರಿಗೆ, ಕೊನೆಗೆ ಗಂಟೆ ಬಾರಿಸುವ ಸುತ್ತಿಗೆಗೂ ಚೆಂಡುಹೂವಿನ ಹಾರ ಬೀಳುತ್ತಿತ್ತು. ಫುಟ್‌ಬಾಲನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಈ ಅವಮಾನ ಅರುಣಕುಮಾರನ ಎದೆಯಲ್ಲಿ ಸಣ್ಣ ಮುಳ್ಳಿನಂತೆ ಕೂತಿತ್ತು. ಈ ಸಲ ಹೊಸ ಚೆಂಡನ್ನು ತಾನೇ ಒಯ್ದು ಕಂಪ್ಯೂಟರುಗಳ ಪಕ್ಕದಲ್ಲಿಟ್ಟ.

"ಇದಕ್ಕೂ ಒಂದೀಟು ಮರ್ಯಾದಿ ಇರ್ಲಿ ರೀ, ಅಮ್ಮಾರ."

ಪೂಜೆಗೆ ಕೂತಿದ್ದ ಕಾರ್ಯದರ್ಶಿಗಳ ತಾಯಿ ನೀಲಗಂಗಮ್ಮ ಕೈ ಬಿಗಿ ಹಿಡಿಯುವವರಲ್ಲ. ಮೂರು ಬೆರಳು ವಿಭೂತಿ ಎಳೆದರು, ಕುಂಕುಮವಿಟ್ಟರು, ಹಡಗಲಿ ಮಲ್ಲಿಗೆ ಮುಡಿಸಿದರು. ದುಂಡಗೆ, ಬೆಳ್ಳಗೆ, ಗಂಭೀರವಾಗಿ ಕೂತ ಅದನ್ನು ಕಂಡು ಅರುಣಕುಮಾರನೂ ಕೈ ಮುಗಿದ. ಅದನ್ನು ಇಡೀ ತಂಡ ನೋಡಿತು.

ರಜೆ ಮುಗಿದ ದಿನ ಮೈದಾನದಲ್ಲಿ ಚೆಂಡು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ.

"ಒದಿ ಶಾಂಭವಿ!"

"ಹೆಂಗ ಒದೀಲಿ ಸಾರ್? ನೀವ ಕೈ ಮುಗದ್ರಲ್ಲ!" ಎಂದಳು ನಾಯಕಿ ಶಾಂಭವಿ.

"ಬಸ್ಸಿಗೂ ಪೂಜಿ ಆತು. ಹತ್ತಿ ಬರಂಗಿಲ್ಲೇನು?"

"ಹತ್ತತೀವಿ ಸಾರ್. ಒದಿಯಂಗಿಲ್ಲ."

ಅವನು ಚೆಂಡನ್ನು ನಲ್ಲಿಗೆ ಹಿಡಿದು ತೊಳೆದ. "ತೊಳದ್ರ ವಿಭೂತಿ ಹೋಗತೈತಿ, ಪೂಜಿ ಹೋಗತೈತೇನು ಸಾರ್?" ಎಂದಳು ಶಾಂಭವಿ. ಹಳೆಯ ಚೆಂಡು ಎಂದೋ ಜಾಲಿ ಮುಳ್ಳಿಗೆ ಆಹುತಿಯಾಗಿತ್ತು. ಬೇರೆ ದಾರಿ ಕಾಣದೆ ತಂಡವನ್ನೇ ಕಟ್ಟಿಕೊಂಡು ನೀಲಗಂಗಮ್ಮನ ಮುಂದೆ ನಿಂತ.

"ಒದ್ರ ಪಾಪ ಅಂತ ನಾ ಯಾಕ ಅನ್ಲಿ ಮಾಸ್ತರ?" ಎಂದರು ಆಕೆ, ಅಡಿಕೆ ಕತ್ತರಿಸುತ್ತ. "ಆದ್ರ ತಲಿ ಮ್ಯಾಲ ಹೊತ್ರ ಯಾರೂ ಏನೂ ಅನ್ನಂಗಿಲ್ಲ ನೋಡ್ರಿ."

ಅಂದಿನಿಂದ ಹುಡುಗಿಯರು ತಲೆಯಿಂದಲೇ ಆಡಿದರು. ಕೋಚ್ ಕಾಲು ಕಾಲು ಎಂದು ಕೂಗುತ್ತಲೇ ಇದ್ದ.

ಪಂದ್ಯ ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿ ಕಡೆಯ ತಂಡದ ಮೇಲೆ. ಪಂದ್ಯ ನಡೆಸುವವರ ಚೆಂಡಿನಲ್ಲಿ ಗಾಳಿ ನಿಲ್ಲಲಿಲ್ಲವಾದ್ದರಿಂದ ಇವರ ಚೆಂಡನ್ನೇ ಇಸಿದುಕೊಂಡರು. ಎದುರಾಳಿಗಳು ಏನೂ ಅರಿಯದೆ ಅದನ್ನು ಮನಸಾರೆ ಒದ್ದರು. ಒಂದೊಂದು ಒದೆತಕ್ಕೂ ಇವನ ಹುಡುಗಿಯರು ಗಲ್ಲ ಬಡಿದುಕೊಂಡರು. ಗಲ್ಲ ಬಡಿದುಕೊಳ್ಳುವವರನ್ನು ದಾಟಿ ಗೋಲು ಹೊಡೆಯುವುದು ಯಾರಿಗೂ ಕಷ್ಟವಲ್ಲ.

ಆಟ ಮುಗಿಯುವ ಹೊತ್ತಿಗೆ, ಎದುರಾಳಿಗಳ ಗೋಲಿನ ಮುಂದೆ ಚೆಂಡು ತಾನಾಗಿ ಬಂದು ನಿಂತಿತು. ಕಾಯುವವಳು ಜಾರಿ ಬಿದ್ದಿದ್ದಳು. ಪಕ್ಕದಲ್ಲಿ ಶಾಂಭವಿ ಒಬ್ಬಳೇ.

"ಒದಿಯವ್ವಾ! ನಿನಗ ಕೈ ಮುಗೀತೀನಿ, ಒದಿ!"

ಶಾಂಭವಿ ಮೊಣಕಾಲೂರಿದಳು. ಎರಡೂ ಕೈ ನೆಲಕ್ಕೆ ಊರಿ, ಕಣ್ಣು ಮುಚ್ಚಿ ಹಣೆ ಬಾಗಿಸಿದಳು. ನಮಸ್ಕಾರ ಮಾಡುತ್ತಿದ್ದಾಳೆಂದು ಎದುರಾಳಿ ಹುಡುಗಿಯರು ಸಂಕೋಚದಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹಣೆ ತಾಗಿದ ಚೆಂಡು ನಿಧಾನಕ್ಕೆ, ಯಾರ ಅವಸರವೂ ಇಲ್ಲದೆ, ಗೆರೆ ದಾಟಿತು.

ಸೀಟಿ ಮೊಳಗಿತು. ಗೋಲು.

ತಂಡ ಸೋತಿತ್ತು. ಆದರೂ ಪಂದ್ಯ ನೋಡಲು ಬಂದಿದ್ದ ಗುರುಸಂಗಪ್ಪ ಶಲ್ಯ ಸರಿಮಾಡಿಕೊಂಡು ಮೈದಾನಕ್ಕಿಳಿದರು. "ಕಾಲಿಲೆ ಎಲ್ಲಾರೂ ಹೊಡೀತಾರ ಮಾಸ್ತರ. ಹಿಂಗ ಸಂಸ್ಕಾರದಿಂದ ಹೊಡ್ಯೋದು ನಮ್ಮ ಸಾಲಿ ಒಂದ. ನೀವ ಕೋಚ್ ಆಗಿರ್ರಿ. ಆದ್ರ ಇನ್ನ ಮುಂದ ನಮ್ಮ ಹುಡುಗ್ಯಾರು ಚೆಂಡು ಒದಿಯಂಗಿಲ್ಲ, ತಿಳೀತೋ?"

"ಆತ್ರಿ" ಎಂದ ಅರುಣಕುಮಾರ.

ಹಣೆತುಂಬ ಮಣ್ಣು ಮೆತ್ತಿಕೊಂಡ ಶಾಂಭವಿ ಹತ್ತಿರ ಬಂದಳು. "ತಪ್ಪಾತೇನು ಸಾರ್?"

ಅವನು ಕರವಸ್ತ್ರ ತೆಗೆದು ಅವಳ ಕೈಗೆ ಕೊಟ್ಟ.

"ಇಲ್ಲವ್ವ. ಆದ್ರ ಹಣಿ ಹಚ್ಚುವಾಗ ಕಣ್ಣು ಮುಚ್ಚಬ್ಯಾಡ. ಚೆಂಡು ನೋಡಬೇಕು."