ಚೆಕಿಂಗ್‌ಗೆ ಒಂದೇ ಸೀಟಿ

ನಮ್ಮ ಭಾವ ನಿವೃತ್ತ ಬಸ್ ಕಂಡಕ್ಟರ್. ನಿವೃತ್ತರಾದದ್ದು ಡಿಪೋಗೆ ಗೊತ್ತು, ಊರಿಗೆ ಗೊತ್ತು, ಅವರ ಬಾಯಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. ಮನೆಯ ಬಾಗಿಲಲ್ಲಿ ಯಾರಾದರೂ ಸ್ವಲ್ಪ ಹೊತ್ತು ನಿಂತರೆ ಸಾಕು, "ಬಾಗಿಲಲ್ಲಿ ನಿಲ್ಲಬೇಡಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ತಳ್ಳುತ್ತಾರೆ. ಒಮ್ಮೆ ಪೋಸ್ಟಿನವನು ಹೀಗೇ ಮುಂದೆ ಮುಂದೆ ಹೋಗಿ ಅಡುಗೆಮನೆ ಸೇರಿ, ತಾನು ಬಂದದ್ದಾದರೂ ಯಾಕೆ ಎಂದು ಯೋಚಿಸುತ್ತ ನಿಂತಿದ್ದ. ಅಕ್ಕ ಅವನ ಕೈಗೆ ಕಾಫಿ ಕೊಟ್ಟು ಕಳಿಸಿದಳು.

ಭಾವನ ಹೆಂಡತಿ ನನ್ನ ಸ್ವಂತ ಅಕ್ಕ. ನಾನು ಟೈಲರ್, ಅವರ ಪಕ್ಕದ ಮನೆಯವಳು. ನನ್ನ ಹೊಲಿಗೆ ಮಷಿನ್ನು ಇರುವುದು ಅವರ ಹಿತ್ತಲಿಗೆ ತೆರೆಯುವ ಕಿಟಕಿಯ ಕೆಳಗೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು. ಹಾಗೆ ನೋಡುತ್ತ ಕೂತು ಎಷ್ಟು ಅಂಗಿಗಳ ಎಡತೋಳನ್ನು ಬಲಕ್ಕೆ ಹೊಲಿದಿದ್ದೇನೋ, ಅದನ್ನು ನನ್ನ ಗಿರಾಕಿಗಳೇ ಹೇಳಬೇಕು.

ಇಷ್ಟು ಮಾತಾಡುವ ಮನುಷ್ಯ ಕೆಲಸ ಬಿಟ್ಟ ಹೊಸದರಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸಿಗೂ ತಲೆ ತಿರುಗಿಸುತ್ತಿದ್ದರು, ಅಷ್ಟೇ. ಊಟ ಆಯ್ತಾ ಅಂದರೆ ಹೂಂ, ಬೇಡ್ವಾ ಅಂದರೆ ಊಹೂಂ. ಅಕ್ಕನಿಗೆ ದಿಗಿಲಾಯಿತು. ಮನೆಯಲ್ಲಿ ಜೀವ ಇದ್ದೂ ಸದ್ದಿಲ್ಲದಿದ್ದರೆ ಹೆಂಗಸರ ಕೈಕಾಲು ಆಡುವುದಿಲ್ಲ. ಅವಳೇ ಎಲ್ಲಿಂದಲೋ ನಾಲ್ಕಾರು ಕೋಳಿ ತಂದು ಹಿತ್ತಲಿಗೆ ಬಿಟ್ಟಳು.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ "ನೂಕಬೇಡಿ, ನೂಕಬೇಡಿ, ಎಲ್ಲರಿಗೂ ಸಿಗುತ್ತೆ" ಎಂಬ ಗಟ್ಟಿ ದನಿ ಕೇಳಿಸಿತು. ಅಕ್ಕ ಒಲೆಯ ಮುಂದೆ ನಿಂತವಳು ಹಾಗೇ ಕೂತುಬಿಟ್ಟಳು. ಆಮೇಲೆ ನನ್ನ ಕಿಟಕಿಗೆ ಬಂದು, "ಮಾತು ಬಂತು ಕಣೇ" ಎಂದು ಅತ್ತಳು.

ಕೋಳಿಗಳೆಲ್ಲ ಭಾವನ ಪ್ಯಾಸೆಂಜರುಗಳಾದವು. ಯಾರನ್ನೂ ಕೇಳದೆ ಎಲ್ಲೆಂದರಲ್ಲಿ ನುಗ್ಗುವ ಹೇಟೆಯ ಹೆಸರು ಪಾಸು. ಗೂಡಿನ ಬಾಗಿಲಲ್ಲೇ ನಿಂತು ಒಳಗೂ ಹೋಗದೆ ಹೊರಗೂ ಬಾರದೆ ಉಳಿದವರ ಪ್ರಾಣ ತಿನ್ನುವವಳು ಫುಟ್‌ಬೋರ್ಡ್. ಹುಂಜ ಡ್ರೈವರ್. "ಕಂಡಕ್ಟರ್ ಮಾತನ್ನ ಡ್ರೈವರ್ ಯಾವತ್ತಾದ್ರೂ ಕೇಳಿದ್ದುಂಟಾ?" ಎಂದು ಭಾವ ಅವನ ಸೊಕ್ಕನ್ನು ಕ್ಷಮಿಸಿದ್ದರು. ಪಾಸು ಕಾವು ಕೂತು ಮರಿ ಮಾಡಿದಾಗ ಎಲ್ಲಕ್ಕಿಂತ ಕೊನೆಗೆ ಮೊಟ್ಟೆಯೊಡೆದು ಬಂದ ಅಂಗುಷ್ಠದಷ್ಟು ಮರಿಗೆ ಚಿಲ್ಲರೆ ಎಂದು ಹೆಸರಿಟ್ಟರು. ಕೋಳಿ ಸಹವಾಸ ನನಗೆ ಬೇಡಪ್ಪಾ ಎನ್ನುತ್ತಿದ್ದ ಅಕ್ಕ, ಯಾರೂ ನೋಡದಾಗ ಚಿಲ್ಲರೆಯನ್ನು ಅಂಗೈ ಮೇಲಿಟ್ಟುಕೊಂಡು ನುಚ್ಚು ತಿನ್ನಿಸುತ್ತಿದ್ದಳು. ನಾನು ನೋಡುತ್ತಿದ್ದೆ. ಕಿಟಕಿಯನ್ನು ಅವಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಆಗ ಬಂತು ಗಿಡುಗ.

ನೀರಿನ ಟ್ಯಾಂಕಿನ ಹಿಂದಿನಿಂದ ಸದ್ದಿಲ್ಲದೆ ಬಂದು, ಒಂದು ಮರಿಯನ್ನು ಎತ್ತಿಕೊಂಡು ಮಂಗಮಾಯವಾಯಿತು. ಭಾವ ಆಕಾಶ ನೋಡುತ್ತ, "ಚೆಕಿಂಗ್‌ನವರು ಬಂದ ಹಾಗೇ ಬಂತಲ್ಲ!" ಎಂದರು. ಮರದ ಮರೆಯಲ್ಲಿ ಜೀಪು ನಿಲ್ಲಿಸಿಕೊಂಡು, ದಿಢೀರನೆ ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಾಕಿ ಟಿಕೆಟ್ ನೋಡುವ ಅಧಿಕಾರಿಗಳಿಗೆ ಬಸ್ಸಿನವರ ಬಾಯಲ್ಲಿ ಚೆಕಿಂಗ್ ಎಂದು ಹೆಸರು. ಭಾವ ಒಂದು ದಿನವೂ ಅವರ ಕೈಯಲ್ಲಿ ಬೈಸಿಕೊಂಡವರಲ್ಲ. ಆದರೂ ಆ ಪದ ಕಿವಿಗೆ ಬಿದ್ದರೆ ಇವತ್ತಿಗೂ ಬೆವರುತ್ತಾರೆ. ಗಿಡುಗಕ್ಕೆ ಅವತ್ತಿನಿಂದ ಚೆಕಿಂಗ್ ಎಂಬ ಹೆಸರೇ ನಿಂತಿತು. ಎಡವಟ್ಟಾದದ್ದು ಅಲ್ಲೇ, ಆದರೆ ಆಗ ಅದು ಯಾರಿಗೆ ಹೊಳೆಯಬೇಕು?

ಮೊದಲು ಬಲೆ ಕಟ್ಟಿದೆವು. ನನ್ನಲ್ಲಿದ್ದ ಹಳೇ ಸೊಳ್ಳೆಪರದೆ, ಕಿಟಕಿ ಪರದೆಗಳನ್ನೆಲ್ಲ ಜೋಡಿಸಿ ಹೊಲಿದು ಹಿತ್ತಲಿಗೆ ಚಪ್ಪರ ಹೊದಿಸಿದೆ. ಒಂದು ಗಾಳಿ ಬೀಸಿತು ನೋಡಿ, ಚಪ್ಪರ ಕಳಚಿ ಬಟ್ಟೆ ಒಣಹಾಕುತ್ತಿದ್ದ ಅಕ್ಕನ ಮೇಲೆ ಬಿತ್ತು. ಡ್ರೈವರ್ ಕೂಡ ಅದರೊಳಗೇ ಸಿಕ್ಕಿಕೊಂಡಿದ್ದ. ಅವನ ಕೂಗು ಯಾವುದು, ಅಕ್ಕನ ಕೂಗು ಯಾವುದು ಎಂದು ತಿಳಿಯದೆ ನಾನು ತಪ್ಪು ಕಡೆಯಿಂದ ಕತ್ತರಿಸುತ್ತ ಹೋದೆ. ಆ ಬಲೆಯ ಸುದ್ದಿಯನ್ನು ಅಕ್ಕನ ಎದುರು ಎತ್ತುವ ಹಾಗಿಲ್ಲ.

ಆಮೇಲೆ ಬೆದರುಬೊಂಬೆ. ಭಾವನ ಹಳೇ ಖಾಕಿ ಯೂನಿಫಾರ್ಮಿಗೆ ನನ್ನ ಅಂಗಡಿಯ ಬಟ್ಟೆಚೂರುಗಳನ್ನೆಲ್ಲ ತುಂಬಿ, ಹೊಟ್ಟೆಯನ್ನು ಅವರದ್ದು ಇದ್ದಷ್ಟೇ ಇಟ್ಟು, ಖಾಕಿ ಟೋಪಿ ತೊಡಿಸಿ ನಿಲ್ಲಿಸಿದೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ ಅಕ್ಕ ಅಡುಗೆಮನೆಯ ಬಾಗಿಲಿನಿಂದ ಅದಕ್ಕೇ ಬೈದಳು: "ರೀ, ಕಾಫಿ ಆರಿ ಹೋಗ್ತಿದೆ, ಎಷ್ಟು ಸಲ ಕರೀಬೇಕು? ಸೋಪು ತನ್ನಿ ಅಂದಿದ್ದೆ, ತಂದ್ರಾ? ಮಾತಾಡಿ!" ಭಾವ ಅವಳ ಹಿಂದೆಯೇ ಲೋಟ ಹಿಡಿದು ನಿಂತಿದ್ದರು. ಗೊತ್ತಾದ ಮೇಲೆ ಅಕ್ಕ ನಾಚಲಿಲ್ಲ. "ನಿಮಗಿಂತ ಅದೇ ವಾಸಿ, ಎದುರು ಮಾತಾಡಲ್ಲ" ಎಂದಳು.

ಗಿಡುಗಕ್ಕೂ ಅದು ಹಿಡಿಸಿತು. ಬೊಂಬೆಯ ಭುಜದ ಮೇಲೆ ಬಂದು ಕೂತು, ರೆಕ್ಕೆ ಕೊಡವಿ, ಹಿತ್ತಲನ್ನೆಲ್ಲ ಪುರುಸೊತ್ತಾಗಿ ನೋಡಿ, ಇನ್ನೊಂದು ಮರಿಯನ್ನು ಆರಿಸಿಕೊಂಡು ಹೋಯಿತು.

ಆ ಸಂಜೆ ಅಕ್ಕ ಒಣಗಿದ ಬಟ್ಟೆಗಳ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದು ಹೇಳಿದಳು: "ನೋಡಿ, ನನ್ನ ಕೈಲಿ ಇನ್ನು ನೋಡೋಕಾಗಲ್ಲ. ಇನ್ನೊಂದು ಮರಿ ಹೋದ್ರೆ ಅಷ್ಟನ್ನೂ ನಮ್ಮ ಬೀದಿಯ ಬೇಕರಿಯವಳಿಗೆ ಸಾಕೋಕೆ ಕೊಟ್ಟುಬಿಡ್ತೀನಿ. ಅವಳ ಹತ್ರ ಮುಚ್ಚಿದ ಶೆಡ್ ಇದೆ."

"ನಾವೂ ದಿನವಿಡೀ ಗೂಡಲ್ಲೇ ಕೂಡಿಹಾಕಬಹುದಲ್ಲ ಭಾವ?" ಎಂದೆ.

"ಪ್ಯಾಸೆಂಜರುಗಳನ್ನ ಡಿಪೋದಲ್ಲೇ ಕೂಡಿಹಾಕೋಕಾಗುತ್ತಾ ಟೈಲರಮ್ಮ?" ಎಂದರು ಭಾವ. ದನಿ ಎದ್ದಿರಲಿಲ್ಲ. ಅವರ ಕಣ್ಣು ಆಗಲೇ ಜಗಲಿಯ ಕಡೆ ಹೋಗಿತ್ತು. ಕೋಳಿಗಳು ಬೇಕರಿಗೆ ಹೋದರೆ ಈ ಮನುಷ್ಯ ಮತ್ತೆ ಅಲ್ಲೇ ಹೋಗಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ ಎಂಬುದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ಮರುದಿನ ಭಾವ ಹಳೇ ಕಬ್ಬಿಣದ ಮಂಚವೊಂದನ್ನು ಹಿತ್ತಲಿಗೆ ಎಳೆದು ತಂದರು. ಮೇಲೆ ತಗಡು, ಮೂರು ಕಡೆ ತಗಡು, ಒಂದು ಕಡೆ ಮಾತ್ರ ಬಾಗಿಲು. ಅದು ಬಸ್ಸು. ಕಪಾಟಿನಿಂದ ಸೀಟಿ ಹೊರಬಂತು. ಬಸ್ಸಿನಲ್ಲಿ ಒಂದು ಸೀಟಿಗೆ ನಿಲ್ಲಬೇಕು, ಎರಡು ಸೀಟಿಗೆ ಹೊರಡಬೇಕು; ಅದೇ ಇಲ್ಲಿ. ಎರಡು ಸೀಟಿ ಊದಿ, "ರೈಟ್ ರೈಟ್!" ಎಂದು ಕೂಗಿ ಮಂಚದ ಕೆಳಗೆ ಕಾಳು ಎರಚುವುದು. ಒಂದು ಸೀಟಿ ಊದಿ, ನಿಂತಲ್ಲೇ ನಿಂತವರ ಕಾಲ ಬುಡಕ್ಕೆ ಕಾಳು ಹಾಕುವುದು.

"ಓಡಿ ಒಳಗೆ ಹೋದ್ರೆ ಸಾಕಲ್ಲ ಭಾವ, ನಿಲ್ಲೋದು ಯಾಕೆ ಕಲಿಸ್ತೀರಿ?"

"ಸ್ಟಾಪೇ ಇಲ್ಲದೆ ರೈಟ್ ಹೇಗಮ್ಮ ಹೇಳೋದು? ಒಂದು ಕ್ರಮ ಬೇಡ್ವಾ?"

ಕೆಲಸದ ವಿಷಯದಲ್ಲಿ ಭಾವನ ಜೊತೆ ವಾದ ಮಾಡುವವರು ಗೋಡೆಯ ಜೊತೆ ಮಾಡಬಹುದು. ಆದರೆ ಹೇಳಲೇಬೇಕು, ಕೋಳಿಗಳು ಕಲಿತವು. ಎರಡು ಸೀಟಿಗೆ ಪಾಸು ಮರಿಗಳನ್ನು ಕಟ್ಟಿಕೊಂಡು ಮಂಚದ ಕೆಳಗೆ ನುಗ್ಗುವಳು, ಫುಟ್‌ಬೋರ್ಡ್ ಬಾಗಿಲಲ್ಲಿ ನಿಂತು ಬೈಸಿಕೊಂಡು ಒಳಗೆ ಹೋಗುವಳು. ಒಂದು ಸೀಟಿಗೆ ಎಲ್ಲವೂ ಕಂಬ. ಡ್ರೈವರ್ ಮಾತ್ರ ಯಾವ ಸೀಟಿಗೂ ಸೊಪ್ಪು ಹಾಕುತ್ತಿರಲಿಲ್ಲ. ಕೋಳಿಗಳ ಜೊತೆಗೆ ಇನ್ನೊಬ್ಬಳೂ ಕಲಿತಳು: ಒಂದು ಸೀಟಿ ಕೇಳಿದರೆ ನನ್ನ ಕಾಲು ಮಷಿನ್ನಿನ ಪೆಡಲ್ ಮೇಲೆ ತಾನಾಗಿ ನಿಂತುಬಿಡುತ್ತಿತ್ತು.

ಒಂದು ಮಧ್ಯಾಹ್ನ ಭಾವ ಅಕ್ಕನನ್ನು ಹಿತ್ತಲಿಗೆ ಕರೆದರು. ಬೊಂಬೆಯ ತಲೆಯಿಂದ ಟೋಪಿ ಕಿತ್ತು ತಾವೇ ಹಾಕಿಕೊಂಡಿದ್ದರು. ಅಕ್ಕ ಒಗೆದ ಬಟ್ಟೆಯ ತಗಡಿನ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು, "ಬೇಗ ತೋರಿಸಿ, ನನಗೆ ಕೆಲಸ ಇದೆ" ಎಂದಳು. ಭಾವ ಎರಡು ಸೀಟಿ ಊದಿದರು. ಡ್ರೈವರ್ ಒಬ್ಬನನ್ನು ಬಿಟ್ಟು ಕೋಳಿಗಳೆಲ್ಲ ದುಡುದುಡು ಓಡಿ ಮಂಚದ ಕೆಳಗೆ ಸೇರಿದವು. ಅಕ್ಕನ ಹುಬ್ಬು ಮೇಲೇರಿತು. ಅವಳು ಹೊಗಳುವುದು ಅಷ್ಟೇ. ಭಾವ ಎದೆಯುಬ್ಬಿಸಿ ಎಲ್ಲರನ್ನೂ ಮತ್ತೆ ಅಂಗಳಕ್ಕೆ ಇಳಿಸಿದರು.

ಅದೇ ಹೊತ್ತಿಗೆ ಟ್ಯಾಂಕಿನ ಹಿಂದಿನಿಂದ ಗಿಡುಗ ಹೊರಟಿತು.

ಮೊದಲು ಕಂಡದ್ದು ಭಾವನಿಗೇ. "ಚೆಕಿಂಗ್!" ಎಂದು ಕಿರುಚಿದರು. ಕಿರುಚಿದ್ದೇ ತಡ, ಸೀಟಿ ಬಾಯಿಗೆ ಹೋಯಿತು, ಹೋಗಿ ಒಂದೇ ಒಂದು ಸಲ, ಉದ್ದಕ್ಕೆ, ಜೋರಾಗಿ ಕೂಗಿತು. ಕಪ್ಪು ಕೂದಲಿನ ಕಾಲದಿಂದ ನರೆಗೂದಲಿನ ಕಾಲದವರೆಗೆ ಆ ಬಾಯಿ ಮಾಡಿದ್ದು ಅದನ್ನೇ ತಾನೆ? ಚೆಕಿಂಗ್ ಕಂಡರೆ ಬಸ್ ನಿಲ್ಲಿಸಬೇಕು.

ಹಿತ್ತಲು ನಿಂತಿತು. ಪಾಸು ನಿಂತಳು, ಫುಟ್‌ಬೋರ್ಡ್ ನಿಂತಳು, ಚಿಲ್ಲರೆ ಒಂದು ಕಾಲೆತ್ತಿಕೊಂಡೇ ನಿಂತಿತು. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ಡ್ರೈವರ್ ಅವತ್ತು ಮೊದಲ ಬಾರಿಗೆ ಆಜ್ಞೆ ಪಾಲಿಸಿದ. ನನ್ನ ಮಷಿನ್ನೂ ನಿಂತಿತು. ಎಲ್ಲರೂ ಬಟಾಬಯಲಲ್ಲಿ ಸಾಲಾಗಿ, ಟಿಕೆಟ್ ತೋರಿಸಲು ಸಿದ್ಧರಾದವರ ಹಾಗೆ ನಿಂತಿದ್ದಾರೆ; ಮೇಲಿನಿಂದ ಗಿಡುಗ ಇಳಿಯುತ್ತಿದೆ; ಭಾವ ತಾವೂ ಅಲುಗಾಡದೆ ನಿಂತಿದ್ದಾರೆ.

ಧಡ್ ಧಡ್!

ಅಕ್ಕ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದು, ಬಕೆಟ್ಟನ್ನು ತಿರುವಿ ಹಿಡಿದು, ಅಂಗೈಯಿಂದ ಎರಡು ಸಲ ಬಾರಿಸಿದಳು. "ರೈಟ್! ರೈಟ್!" ಎಂದು ಕೂಗಿದಳು. ಅಂಥ ದನಿ ಅವಳಲ್ಲಿದೆ ಎಂದು ಒಡಹುಟ್ಟಿದ ನನಗೇ ಗೊತ್ತಿರಲಿಲ್ಲ.

ಕೋಳಿಗಳು ಓಡಿದವು. ಡ್ರೈವರ್ ಎಲ್ಲರನ್ನೂ ತುಳಿದು ಮೊದಲು ಹತ್ತಿದ. ಹಿಂದೆ ಉಳಿದದ್ದು ಚಿಲ್ಲರೆ ಒಂದೇ. ಆಗ ಭಾವನಿಗೂ ಎಚ್ಚರ ಬಂದು, ಓಡಿ ಹೋಗಿ ಅದರ ಮೇಲೆ ಬಗ್ಗಿ ಮಂಡಿಯೂರಿದರು. ಗಿಡುಗ ಬಂತು, ಬಗ್ಗಿದ ತಲೆಯ ಮೇಲೆ ಖಾಕಿ ಬಣ್ಣದ್ದೇನೋ ದುಂಡಗೆ ಕಂಡಿತು, ಎತ್ತಿಕೊಂಡು ಹೋಯಿತು. ಟ್ಯಾಂಕು ದಾಟಿ, ಗೋದಾಮಿನ ಮಾಡು ದಾಟಿ, ಸರ್ಕಾರಿ ಟೋಪಿ ಆಕಾಶದಲ್ಲಿ ಹೋಗುವುದನ್ನು ನಾವು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಚೆಕಿಂಗ್‌ನವರು ಟೋಪಿ ಜಪ್ತಿ ಮಾಡಿದ್ರು" ಎಂದಳು ಅಕ್ಕ.

ನಾನು ಕಿಟಕಿ ಸರಳು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಭಾವ ನಗಲಿಲ್ಲ. ಕೊರಳಿನಿಂದ ಸೀಟಿ ತೆಗೆದು ಮಂಚದ ಮೇಲಿಟ್ಟರು.

"ನೀನು ಹೇಳಿದ್ದೇ ಸರಿ ಕಣೇ. ಬೇಕರಿಯವಳಿಗೇ ಕೊಟ್ಟುಬಿಡು. ನನ್ನ ಕೈಯಾರೆ ನಿಲ್ಲಿಸಿ ಒಪ್ಪಿಸ್ತಿದ್ದೆನಲ್ಲ."

ನನ್ನ ನಗು ಅಲ್ಲೇ ನಿಂತಿತು.

ಅಕ್ಕ ಮಣ್ಣಾದ ಬಟ್ಟೆಗಳನ್ನು ಬಕೆಟ್ಟಿಗೆ ತುಂಬುತ್ತ, "ಒಂದಾದ್ರೂ ಹೋಯ್ತಾ?" ಎಂದಳು.

"ಇಲ್ಲ."

"ಮತ್ತೆ? ಹೋದ್ರೆ ಕೊಡ್ತೀನಿ ಅಂದಿದ್ದೆ. ಹೋಗಿಲ್ಲ."

ಭಾವ ಬಕೆಟ್ಟಿನ ಕಡೆ ನೋಡುತ್ತ ಕೇಳಿದರು: "ಸೀಟಿ ಕೈಕೊಟ್ಟಾಗ ನಾವು ಬಸ್ಸಿನ ತಗಡಿಗೆ ಎರಡು ಏಟು ಹೊಡೀತಿದ್ವಿ. ನಿನಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮದುವೆಯಾದ ಹೊಸದರಲ್ಲಿ ನಿಮ್ಮ ಮುಖ ನೋಡ್ಬೇಕಂದ್ರೆ ಬಸ್ಸೇ ಹತ್ತಬೇಕಿತ್ತಲ್ಲ. ಹಿಂದಿನ ಸೀಟಲ್ಲಿ ಕೂತು ಕೊನೇ ಸ್ಟಾಪಿಗೆ ಹೋಗೋದು, ಅದೇ ಬಸ್ಸಲ್ಲಿ ವಾಪಸ್ ಬರೋದು. ನೀವು ಎಲ್ಲರ ಹತ್ರ ಮಾತಾಡೋರು. ನನ್ನ ಹತ್ರ ಬಂದು ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಕೊಡಿ ಅಂತಿದ್ರಿ. ಕಟ್ಕೊಂಡ ಹೆಂಡ್ತಿಗೆ!"

"ರೂಲ್ಸ್ ಅಂದ್ರೆ ರೂಲ್ಸ್" ಎಂದರು ಭಾವ, ನೆಲ ನೋಡುತ್ತ. ಅವರ ಕಿವಿ ಕೆಂಪಾಗಿತ್ತು.

"ಚೆಕಿಂಗ್ ಕಂಡ್ರೆ ಒಂದು ಸೀಟಿ ಅನ್ನೋದು ನಿಮ್ಮ ಮೈಗೆ ಹತ್ತಿಬಿಟ್ಟಿದೆ, ಅದು ಬಿಡಲ್ಲ. ನನಗೆ ಯಾವ ಚೆಕಿಂಗ್ ಭಯಾನೂ ಇಲ್ಲ." ಅಕ್ಕ ಸೀಟಿಯನ್ನು ಎತ್ತಿಕೊಂಡು ತನ್ನ ಕೊರಳಿಗೆ ಹಾಕಿಕೊಂಡಳು.

ಈಗ ನೋಡುವುದು ಭಾವ, ಊದುವುದು ಅಕ್ಕ. ಭಾವ ಗಿಡುಗ ಕಂಡರೆ "ಚೆಕಿಂಗ್!" ಎನ್ನುತ್ತಾರೆ, ಅಕ್ಕ ಎಲ್ಲಿದ್ದರೂ ಎರಡು ಸೀಟಿ ಊದುತ್ತಾಳೆ. ಸ್ನಾನದಮನೆಯಿಂದಲೂ ಊದಿದ್ದುಂಟು. ಅಂದಿನಿಂದ ಒಂದು ಮರಿಯೂ ಹೋಗಿಲ್ಲ. ಟೋಪಿ ಮಾತ್ರ ವಾಪಸ್ ಬಂದಿಲ್ಲ.

ನಿನ್ನೆಯೂ ಹಾಗೇ ಆಯಿತು. ಭಾವ ಕೂಗಿದರು, ಅಕ್ಕ ಊದಿದಳು, ಕೋಳಿಗಳು ಹತ್ತಿದವು. ಎಲ್ಲರೂ ಹತ್ತಿದ ಮೇಲೆ ಕೊನೆಗೆ ಹತ್ತುವವನು ಕಂಡಕ್ಟರ್ ತಾನೆ? ಭಾವ ಮಂಚದ ಅಂಚಿಗೆ ಒಂದು ಕಾಲಿಟ್ಟು, ಅದರ ತಲೆಭಾಗದ ಸರಳು ಹಿಡಿದು, "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೋಳಿಗಳಿಗೆ ಹೇಳುತ್ತ ನೇತಾಡುತ್ತಿದ್ದರು. ಅಕ್ಕ ಅವರ ಎದುರಿಗೆ ಬಂದು ನಿಂತು ಅಂಗೈ ಚಾಚಿದಳು.

"ಟಿಕೆಟ್ ತಗೊಳ್ಳಿ. ಚಿಲ್ಲರೆ ಕೊಡಿ."

ಭಾವ ಅವಳನ್ನೇ ನೋಡಿದರು. ಆಮೇಲೆ ಬಗ್ಗಿ, ಮಂಚದ ಕೆಳಗೆ ಕೈ ಹಾಕಿ, ಕೀಚು ಕೀಚೆನ್ನುತ್ತಿದ್ದ ಚಿಲ್ಲರೆಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.