ಏಕಾದಶಿಯ ದಾಡಿ

1984ರಲ್ಲಿ ನಾನು ಶಿಗ್ಗಾಂವಿಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಪೆಟ್ಟು ಬಿದ್ದ ಕೈಕಾಲುಗಳಿಗೆ ಮತ್ತೆ ಕೆಲಸ ಕಲಿಸುವುದು ನನ್ನ ಹುದ್ದೆ; ಊರಿನವರ ಬಾಯಲ್ಲಿ ನಾನು ‘ಮಾಲೀಸ್ ಬಾಯಾರು’. ಮುಖ್ಯ ವೈದ್ಯರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅವರಲ್ಲಿ ದೊಡ್ಡದಾಗಿದ್ದದ್ದು ಬೋರ್ಡು ಮತ್ತು ಬಾಯಿ.

ಆ ವರ್ಷ ಯಾರೋ ದಾನಿಗಳು ಫ್ಯಾರಡಿಕ್ ಸ್ಟಿಮ್ಯುಲೇಟರ್ ಎಂಬ ಯಂತ್ರ ಕೊಟ್ಟರು. ಚರ್ಮದ ಮೇಲೆ ಒದ್ದೆ ಪ್ಯಾಡು ಕಟ್ಟಿ, ತುಸುವೇ ವಿದ್ಯುತ್ ಹರಿಸಿ ಸ್ನಾಯುಗಳನ್ನು ಬಿಗಿ ಮಾಡುವ ಪೆಟ್ಟಿಗೆ ಅದು. ದೊಡ್ಡ ಡಾಕ್ಟರು ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಮಖಮಲ್ ಬಟ್ಟೆ ಹೊದಿಸಿ ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಅದನ್ನು ನನ್ನ ಕೋಣೆಗೆ ತರಲು ನಾನು ಜಗಳವನ್ನೇ ಆಡಬೇಕಾಯಿತು.

ಯಂತ್ರ ಬಂದ ಸುದ್ದಿ ಕೇಳಿ ಹನುಮಂತಪ್ಪ ಬಂದ. ಬಸ್ ಸ್ಟ್ಯಾಂಡ್ ಹತ್ತಿರ ಅವನ ಕಟಿಂಗ್ ಅಂಗಡಿ. ಕೈಯನ್ನು ತೊಡೆಯ ಮೇಲೆ ಇಟ್ಟಾಗ ಏನೂ ಇಲ್ಲ. ಕತ್ತಿ ಹಿಡಿದರೆ ಸಾಕು, ಮಣಿಕಟ್ಟು ಗಡಗಡ ನಡುಗುತ್ತಿತ್ತು. ಇದಕ್ಕೆ ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ, ಅವನು ಹೆಂಡ ಮುಟ್ಟಿದವನೂ ಅಲ್ಲ. ಆದರೆ ಊರಿನ ಗಣ್ಯರು ಅವನನ್ನು ಕುಡುಕನೆಂದು ತೀರ್ಮಾನಿಸಿದ್ದರು. ಮೂವತ್ತು ವರ್ಷ ಅವನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಗೊರಕೆ ಹೊಡೆದವರೇ ಈಗ ಆ ಕಡೆಯ ಫುಟ್‌ಪಾತ್ ಹಿಡಿದು ಹೋಗುತ್ತಿದ್ದರು. ಎಂಥ ಕೃತಜ್ಞತೆ!

“ಬಾಯಾರ, ಖಾಲಿ ಕುರ್ಚಿ ಒರಸಿ ಒರಸಿ ಸಾಕಾಗೇತ್ರಿ,” ಎಂದ ಹನುಮಂತಪ್ಪ. “ಕೈ ನಿಂದ್ರಂಗಿಲ್ಲಂದ್ರ ಅಂಗಡಿ ಕದಾ ಹಾಕ್ತೇನಿ.”

ನಾನು ಅವನ ಮುಂಗೈಯ ಎರಡೂ ಬದಿಗೆ ಪ್ಯಾಡು ಕಟ್ಟಿದೆ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯು, ಕೆಳಗೆ ಬಾಗಿಸುವ ಸ್ನಾಯು, ಎರಡನ್ನೂ ಒಟ್ಟಿಗೆ ತುಸು ಬಿಗಿ ಮಾಡಿದರೆ ಮಣಿಕಟ್ಟು ಗಟ್ಟಿ ನಿಲ್ಲುತ್ತದೆ, ನಡುಕ ತಗ್ಗುತ್ತದೆ. ಎಷ್ಟು ವಿದ್ಯುತ್ ಕೊಟ್ಟರೆ ನಡುಕ ತಗ್ಗಿ ಬೆರಳುಗಳು ಮಾತ್ರ ಆಡುತ್ತವೆ ಎಂಬುದನ್ನು ಕಂಡುಹಿಡಿಯಲು ವಾರಗಳೇ ಹಿಡಿದವು. ಬಲೂನಿಗೆ ಸೋಪಿನ ನೊರೆ ಹಚ್ಚಿ ಕತ್ತಿ ಆಡಿಸುವುದು ಅವನ ಅಭ್ಯಾಸ. ಮೊದಮೊದಲು ಬಲೂನು ಒಡೆದಾಗಲೆಲ್ಲ ಪಕ್ಕದ ವಾರ್ಡಿನ ರೋಗಿಗಳು ಬೆಚ್ಚಿ ಶಾಪ ಹಾಕುತ್ತಿದ್ದರು. ಹೇಳದೆ ಕೇಳದೆ ನಾನು ಸ್ವಿಚ್ ಆರಿಸುತ್ತಿದ್ದೆ. ಜುಮುಜುಮು ನಿಂತ ಕ್ಷಣವೇ ಕತ್ತಿಯನ್ನು ಎತ್ತಿಬಿಡಬೇಕು, ಅದೇ ಪಾಠ.

ಇದು ರೋಗ ವಾಸಿ ಮಾಡುವುದಿಲ್ಲ, ವಿದ್ಯುತ್ ಹರಿಯುವಾಗ ಮಾತ್ರ ಕೈ ಹಿಡಿತದಲ್ಲಿರುತ್ತದೆ ಎಂದು ದೊಡ್ಡ ಡಾಕ್ಟರಿಗೂ ಹೇಳಿದ್ದೆ. ಅವರಿಗೆ ಬೇಕಾದದ್ದು ಭಾಷಣಕ್ಕೊಂದು ವಸ್ತು. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ಹನುಮಂತಪ್ಪನನ್ನೂ ನನ್ನನ್ನೂ ಯಂತ್ರದ ಸಮೇತ ವೇದಿಕೆಗೆ ಏರಿಸಿ, “ಇವನ ನಡುಕ ಸಂಪೂರ್ಣ ಗುಣವಾಗಿದೆ,” ಎಂದು ಸಾರಿದರು. ಎದುರಿಗೆ ಕಾಳಿನ ವ್ಯಾಪಾರಿಗಳು, ವಕೀಲರು, ಮಾಸ್ತರರು ಕುಳಿತಿದ್ದರು. ಚಪ್ಪಾಳೆ ಬಿತ್ತು.

ಹನುಮಂತಪ್ಪ ಕುರ್ಚಿಯೊಂದನ್ನು ಮುಂದಕ್ಕೆ ಎಳೆದ. “ಸಾಹೇಬ್ರ, ಹಂಗಂದ್ರ ಕುಂದ್ರಿ. ಮೊದಲ ದಾಡಿ ನಿಮ್ಮದ ಮಾಡ್ತೇನಿ. ನಿಮ್ಮನ್ನ ನೋಡಿದ್ರ ಊರು ನನ್ನ ಅಂಗಡಿಗೆ ಬರ್ತೇತಿ.”

ದೊಡ್ಡ ಡಾಕ್ಟರು ಗಲ್ಲ ಸವರಿಕೊಂಡರು. ನನಗೆ ಗಡ್ಡವಿದ್ದಿದ್ದರೆ ಆ ಕ್ಷಣವೇ ಕುಳಿತುಬಿಡುತ್ತಿದ್ದೆ. ಗಡ್ಡವಿದ್ದವರಿಗೆ ಗುಂಡಿಗೆ ಇರಲಿಲ್ಲ.

“ಇವತ್ತು ಏಕಾದಶಿ ಅದಪಾ. ನಾವು ಕ್ಷೌರ ಮಾಡಿಸೂದಿಲ್ಲ,” ಎಂದರು ದೊಡ್ಡ ಡಾಕ್ಟರು.

ಅರ್ಧ ಗಂಟೆ ಹಿಂದೆ ಇದೇ ಮನುಷ್ಯ ಉಳ್ಳಾಗಡ್ಡಿ ಹಾಕಿದ ಮಂಡಕ್ಕಿ ಗಿರ್ಮಿಟ್ ತಿಂದು, ಮೇಲೆ ಎರಡು ಮಿರ್ಚಿ ಭಜಿ ಇಳಿಸಿದ್ದನ್ನು ನಾನು ನೋಡಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂದರೆ ಇದೇ. ಆದರೆ ಏಕಾದಶಿ ಎಂದದ್ದೇ ಸಭೆಯಲ್ಲಿದ್ದ ಗಂಡಸರಿಗೆಲ್ಲ ಧರ್ಮಬುದ್ಧಿ ಬಂತು. ಒಬ್ಬ ವಕೀಲರಿಗೆ ಅಂದು ತಮ್ಮ ಜನ್ಮನಕ್ಷತ್ರವೆಂದು ನೆನಪಾಯಿತು. ವ್ಯಾಪಾರಿಯೊಬ್ಬ, “ದಾಡಿ ಮಾಡೂ ಮುಂದ ಕರೆಂಟ್ ಹೋತಂದ್ರ?” ಎಂದ. ಎಲ್ಲರೂ ನಕ್ಕರು. ಹನುಮಂತಪ್ಪ ತಲೆ ತಗ್ಗಿಸಿ ಮುಂಗೈಯ ಪ್ಯಾಡು ಬಿಚ್ಚತೊಡಗಿದ.

ಆಗ ಹಿಂದಿನ ಸಾಲಿನಿಂದ ನನ್ನ ಅಪ್ಪ ಎದ್ದರು. ಅವರು ಸವಣೂರಿನಲ್ಲಿ ಸಂಸ್ಕೃತ ಪಾಠ ಹೇಳಿಯೇ ಮುದುಕರಾದವರು. ಮಗಳ ಆಸ್ಪತ್ರೆಯ ಕಾರ್ಯಕ್ರಮವೆಂದು ಬಂದಿದ್ದರು. ಏಕಾದಶಿಗೆ ನಿಜವಾಗಿ ಹನಿ ನೀರೂ ಮುಟ್ಟದವರು ಆ ಸಭೆಯಲ್ಲಿ ಬಹುಶಃ ಅವರೊಬ್ಬರೇ. ಸೀದಾ ವೇದಿಕೆ ಹತ್ತಿ ಕುರ್ಚಿಯಲ್ಲಿ ಕುಳಿತು, ಹೆಗಲ ಶಲ್ಯ ತೆಗೆದು ನನ್ನ ಕೈಗಿತ್ತರು.

“ಆಚಾರ್ರ, ಏಕಾದಶಿ ಅಲ್ಲೇನ್ರಿ?” ಎಂದರು ದೊಡ್ಡ ಡಾಕ್ಟರು.

“ಏಕಾದಶಿ ನನಗದ. ಅವನ ಕೈಗೆ ಇಲ್ಲ,” ಎಂದರು ಅಪ್ಪ. “ಹನುಮಂತಪ್ಪ, ಸಾಬಾಣ ಹಚ್ಚು.”

ನಾನು ಪ್ಯಾಡು ಮತ್ತೆ ಕಟ್ಟಿ ಸ್ವಿಚ್ ಹಾಕಿದೆ. ಕತ್ತಿ ಬಲಗೆನ್ನೆಯ ಮೇಲೆ ಸರಾಗವಾಗಿ ಇಳಿಯಿತು. ಗಂಟಲ ಹತ್ತಿರ ಬರುವ ಹೊತ್ತಿಗೆ ಮೈಕು ಗೊರ್ ಎಂದು ಸತ್ತಿತು, ಫ್ಯಾನು ನಿಂತಿತು. ಕರೆಂಟ್ ಹೋಗಿತ್ತು. ನನ್ನ ಕಣ್ಣು ಅಪ್ಪನ ಗಂಟಲಿಗೆ ಹಾರಿತು. ಕತ್ತಿ ಆಗಲೇ ಗಾಳಿಯಲ್ಲಿತ್ತು. ಅಲ್ಲಿ ಅದು ನಡುಗುತ್ತಿತ್ತು, ಅಪ್ಪನ ಚರ್ಮದ ಮೇಲೆ ಗೀರೂ ಇರಲಿಲ್ಲ.

ಸಭೆ ನಗುತ್ತ ಊಟಕ್ಕೆ ಎದ್ದಿತು. ದೊಡ್ಡ ಡಾಕ್ಟರು ಎಲ್ಲರಿಗಿಂತ ಮುಂದೆ. ಅಪ್ಪ ಅರ್ಧ ಮುಖದ ಮೇಲೆ ನೊರೆ ಒಣಗಿಸಿಕೊಂಡು, ಉಪವಾಸದ ಹೊಟ್ಟೆಯಲ್ಲಿ, ಕರೆಂಟ್ ಬರುವವರೆಗೆ ಅದೇ ಕುರ್ಚಿಯಲ್ಲಿ ಕುಳಿತರು. ಬಂದ ಮೇಲೆ ಉಳಿದರ್ಧ ಮುಗಿಯಿತು. ಮನೆಗೆ ಹೋಗಿ ಸ್ನಾನ ಮಾಡಿ, ಪ್ರಾಯಶ್ಚಿತ್ತವೆಂದು ಜಪಕ್ಕೆ ಕುಳಿತರು.

ಯಂತ್ರ ಅಂಗಡಿಗೆ ಹೋಗುವಂತಿರಲಿಲ್ಲ, ಹಾಗಾಗಿ ಹನುಮಂತಪ್ಪನ ಕುರ್ಚಿಯೇ ನನ್ನ ಕೋಣೆಗೆ ಬಂತು. ಅಪ್ಪನ ಗಲ್ಲ ನೋಡಿದ ಮೇಲೆ ಹುಲಗೂರಿನ ರೈತನೊಬ್ಬ ಕುಳಿತ, ಆಮೇಲೆ ಬಸ್ಸಿನ ಡ್ರೈವರುಗಳು ಬಂದರು. ಗಣ್ಯರು ಎಲ್ಲರಿಗಿಂತ ಕೊನೆಗೆ, ಮೊದಲಿನಿಂದಲೂ ನಂಬಿದ್ದೆವು ಎನ್ನುತ್ತ ಬಂದರು. ಬಾರದೇ ಉಳಿದವರು ದೊಡ್ಡ ಡಾಕ್ಟರು ಮಾತ್ರ. ಊರೂರಿಗೆ ಹೋಗಿ ಈ ಚಿಕಿತ್ಸೆಯ ಬಗ್ಗೆ ಭಾಷಣ ಮಾಡಿದರು, ಶಾಲು ಹೊದ್ದರು, ದಾಡಿಯನ್ನು ಮಾತ್ರ ಮನೆಯಲ್ಲೇ ಮಾಡಿಕೊಂಡರು.

ಅಂದಿನಿಂದ ಯಾರಾದರೂ ಹೊಸ ಯಂತ್ರವನ್ನು ಹೊಗಳಿದರೆ ನಾನು ಅದರ ಗುಣಗಳ ಪಟ್ಟಿ ಕೇಳುವುದಿಲ್ಲ. “ಮೊದಲು ನೀವು ಕುಂದ್ರಿ,” ಎನ್ನುತ್ತೇನೆ. ಹೆಚ್ಚಿನವರಿಗೆ ಅಂದು ಏಕಾದಶಿ ಇರುತ್ತದೆ.