ಎದುರಾಡದ ಊರಿನ ಹೆಡ್ಮೇಷ್ಟ್ರು

ಮಾತಾಡುವ ಮೊದಲು ಅವರ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ತೆಳ್ಳನೆಯ ಉದ್ದ ಕತ್ತು. ಅದರಲ್ಲಿ ಅದು ನುಂಗಲಾಗದೆ ಸಿಕ್ಕಿಕೊಂಡ ಅಡಿಕೆಯ ಹಾಗೆ ಕಾಣುತ್ತಿತ್ತು. ಅದು ಅಲ್ಲಾಡಿದ್ದೇ ತಡ, ಮಕ್ಕಳು ಎದ್ದು ನಿಲ್ಲುತ್ತಿದ್ದವು. ಮಾತು ಇನ್ನೂ ಹೊರಗೆ ಬಂದಿರುತ್ತಿರಲಿಲ್ಲ.

ಕಂದಿಕೆರೆಯಿಂದ ಒಳಕ್ಕೆ, ತೆಂಗಿನ ತೋಟಗಳ ನಡುವೆ ಇದ್ದ ಹಳ್ಳಿಯ ಶಾಲೆ ಅದು. ಅವರು ಅಲ್ಲಿ ಹೆಡ್ಮೇಷ್ಟ್ರು, ನಾನು ತುರುವೇಕೆರೆ ಕಡೆಯಿಂದ ಹೋದ ಹೊಸ ಟೀಚರು. ಮಕ್ಕಳಷ್ಟೇ ಅಲ್ಲ, ಮಕ್ಕಳ ಅಪ್ಪಂದಿರೂ ಅವರನ್ನು ಕಂಡರೆ ತಲೆಗೆ ಸುತ್ತಿದ ಟವಲು ತೆಗೆದು ಕೈಯಲ್ಲಿ ಹಿಡಿಯುತ್ತಿದ್ದರು. ಅದು ಬರೀ ಹೆದರಿಕೆಯಲ್ಲ. ಮನೆಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕರೆತಂದವರು ಅವರು. ಹಾವು ಕಚ್ಚಿದವರನ್ನು ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು. "ಮೊದಲು ಮಾಡು, ಆಮೇಲೆ ಕೇಳು" ಎನ್ನುವುದು ಅವರು ತರಗತಿಯಲ್ಲಿ ದಿನವೂ ಹೇಳುತ್ತಿದ್ದ ಮಾತು. ಮಾಡಿದ ಮೇಲೆ ಕೇಳಿದವರನ್ನು ನಾನು ಯಾರನ್ನೂ ಕಾಣಲಿಲ್ಲ.

ತುರ್ತು ಪರಿಸ್ಥಿತಿಯ ವರ್ಷ ಮೇಷ್ಟ್ರುಗಳನ್ನೆಲ್ಲ ಸಭೆಗೆ ಕರೆದರು. ಒಬ್ಬ ಸಾಹೇಬರು ನಿಂತು, ಪ್ರತಿಯೊಬ್ಬರೂ ಮಕ್ಕಳಾಗದ ಆಪರೇಷನ್ನಿಗೆ ಇಂತಿಷ್ಟು ಗಂಡಸರನ್ನು ಕರೆತರಬೇಕು, ತಾರದಿದ್ದರೆ ಸಂಬಳ ನಿಲ್ಲುತ್ತದೆ, ಕೆಲಸವೂ ಹೋಗಬಹುದು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಇರಲಿಲ್ಲ, ಇಬ್ಬರು ತಮ್ಮಂದಿರು ಓದುತ್ತಿದ್ದರು. ಪರ ಊರಿನ, ಮದುವೆಯಾಗದ ಹುಡುಗಿ ನಾನು. ಯಾವ ಗಂಡಸಿನ ಮುಂದೆ ನಿಂತು ಏನೆಂದು ಕೇಳಲಿ?

"ಅಳಬ್ಯಾಡಿ ಟೀಚರಮ್ಮ," ಎಂದರು ಹೆಡ್ಮೇಷ್ಟ್ರು. "ನಿಮ್ಮ ಪಾಲಿಂದೂ ನಾನೇ ನೋಡ್ಕೋತೀನಿ. ಈ ಊರಲ್ಲಿ ನಾನು ಹೇಳಿದ್ರೆ ಇಲ್ಲ ಅನ್ನೋರು ಯಾರವ್ರೆ?"

ಯಾರೂ ಅನ್ನಲಿಲ್ಲ. ಮೊದಲು ಮನೆ ತುಂಬ ಮಕ್ಕಳಿದ್ದವರನ್ನು ಕರೆದೊಯ್ದರು. ಆಮೇಲೆ ಮೂರು ಮಕ್ಕಳಿದ್ದವರು, ಆಮೇಲೆ ಇಬ್ಬರಿದ್ದವರು. ಕೊನೆಗೆ ಇನ್ನೊಬ್ಬ ಬೇಕಾಗಿತ್ತು. ಜೀಪು ಶಾಲೆಯ ಮುಂದೆ ಬಂದು ನಿಂತಿತ್ತು. ಎದುರಿನ ತೋಟದಲ್ಲಿ ಕೆಂಪಯ್ಯ ಮರದ ಮೇಲಿದ್ದ. ಊರಿನ ತೋಟಗಳಲ್ಲಿ ಕಾಯಿ ಕೀಳುವವನು ಅವನೇ. ಅಪ್ಪನಿಲ್ಲದ ಅವನಿಗೆ ಅಕ್ಷರ ಕಲಿಸಿದ್ದು, ತಮ್ಮ ಅಂಗಿ ಕತ್ತರಿಸಿ ಹೊಲಿಸಿ ತೊಡಿಸಿದ್ದು ಇದೇ ಮೇಷ್ಟ್ರು.

"ಲೇ ಕೆಂಪ, ಇಳಿಯೋ."

ಅವನು ಸರಸರ ಇಳಿದ.

"ಜೀಪು ಹತ್ತು."

"ಆಯ್ತು ಸಾ."

ಕಾಲಿಗೆ ಹಾಕಿದ್ದ ಹಗ್ಗದ ಬಳೆಯನ್ನು ತೆಗೆದು ಮರದ ಬುಡದಲ್ಲಿಟ್ಟು ಹತ್ತಿದ. ಎಲ್ಲಿಗೆ ಎಂದು ಕೇಳಲಿಲ್ಲ. ನಾನು ಜಗುಲಿಯಿಂದ ನೋಡುತ್ತಿದ್ದೆ. ಅವನಿಗೆ ಮದುವೆಯಾಗಿದೆ ಎಂದಷ್ಟೇ ನನಗೆ ಗೊತ್ತಿತ್ತು.

ಶಿಬಿರದಲ್ಲಿ ನಡೆದದ್ದನ್ನು ಹೆಡ್ಮೇಷ್ಟ್ರೇ ಮುಂದೆ ನನಗೆ ಹೇಳಿದರು. ಬರೆದುಕೊಳ್ಳುವವನು "ಎಷ್ಟು ಮಕ್ಕಳು?" ಎಂದು ಕೇಳಿದ. ಕೆಂಪಯ್ಯ ಇವರ ಮುಖ ನೋಡಿದ. ಇವರು "ಎರಡು" ಎಂದರು. ಕೆಂಪಯ್ಯ ತಲೆಯಾಡಿಸಿದ.

ಅವನಿಗೆ ಒಂದು ಮಗುವೂ ಇರಲಿಲ್ಲ.

ವಾರ ಕಳೆಯುವುದರೊಳಗೆ ಅವನ ತಾಯಿ ಸೊಸೆಯನ್ನು ಕರೆದುಕೊಂಡು ಶಾಲೆಗೆ ಬಂದಳು. "ನಿಮ್ ಕೈಯಾಗೆ ಬೆಳೆದೋನು ಕಣ್ ಸ್ವಾಮಿ ಅವ್ನು. ನಿಮ್ಗೆ ಗೊತ್ತಿರ್ಲಿಲ್ವಾ?" ಎಂದು ಎದೆ ಬಡಿದುಕೊಂಡಳು. ಆ ಹುಡುಗಿ ಶಾಲೆಯ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಯುಗಾದಿಗೆ ಹೊನ್ನವಳ್ಳಿ ಕಡೆಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕೆಂಪಯ್ಯ ಮರ ಹತ್ತುವುದನ್ನು ಬಿಟ್ಟ. ಕೈಕಾಲಲ್ಲಿ ಕಸುವಿಲ್ಲ ಎನ್ನುತ್ತಿದ್ದ.

ಒಂದು ಸಂಜೆ ಹೆಡ್ಮೇಷ್ಟ್ರು ಅವನ ಮನೆಗೆ ಹೊರಟರು. ಒಬ್ಬನೇ ಹೋಗಲಾರೆ ಎಂದು ನನ್ನನ್ನೂ ಕರೆದರು. ಅವನು ಹೊರಗೆ ಕೂತು ತೆಂಗಿನ ನಾರು ಹೊಸೆಯುತ್ತಿದ್ದ. ಇವರನ್ನು ಕಂಡ ಕೂಡಲೇ ಎದ್ದು ನಿಂತ.

"ಯಾಕ್ಲಾ ಬರಾಕಿಲ್ಲ ಅನ್ಲಿಲ್ಲ?"

"ನೀವ್ ಕರೆದ್ರಲ್ಲ ಸಾ."

"ಎಲ್ಲಿಗೆ ಅಂತನಾದ್ರೂ ಕೇಳ್ಬೌದಿತ್ತಲ್ಲೋ."

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನಿಮ್ಮನ್ನ ಹೆಂಗ್ ಸಾ ಕೇಳದು?" ಎಂದ.

ಹೆಡ್ಮೇಷ್ಟ್ರು ವಾಪಸು ಹೊರಟರು. ಶಾಲೆಯ ಹತ್ತಿರ ಬಂದಾಗ ನಿಂತರು. "ಹೆದರಿ ಬಂದ ಅಂತ ತಿಳ್ಕೊಂಡಿದ್ದೆ. ಅವನು ಹೆದರಿರಲಿಲ್ಲ ಟೀಚರಮ್ಮ. ಮೇಷ್ಟ್ರು ಕೆಟ್ಟದ್ದು ಹೇಳ್ತಾರಾ ಅಂತ ಬಂದ," ಎಂದರು. ಮತ್ತೆ ಮುಂದುವರಿಸಿದರು: "ನಾನೂ ಸಾಹೇಬರಿಗೆ ಹೆದರಿ ಮಾಡ್ದೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ. ಅದೂ ಸುಳ್ಳು. ಹೇಳ್ದೋರು ಅವರು, ಪಾಪ ಅವರದು, ನಾನು ಬರೀ ಕರ್ಕೊಂಡು ಹೋಗೋನು ಅಂತ ಅಂದ್ಕೊಂಡ ಕೂಡಲೇ ಮನಸ್ಸು ಹಗುರ ಆಗ್ಬುಡ್ತು. ಮೊದಲು ಆರು ಮಕ್ಕಳೋನು, ಆಮೇಲೆ ಮೂರು ಮಕ್ಕಳೋನು. ಇಷ್ಟು ಮಾಡಿದ್ದೀನಲ್ಲ, ಇನ್ನೊಬ್ಬನಲ್ವಾ ಅನ್ನಿಸ್ತು. ಎರಡು ಅಂತ ಹೇಳೋವಾಗ ನಾಲಿಗೆ ತೊದಲಲೂ ಇಲ್ಲ."

ಕೆಂಪಯ್ಯ ಯಾರ ಪಾಲಿನವನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಪಾಲಿನದು ಮೊದಲೇ ಮುಗಿದಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ನನ್ನ ಕೆಲಸ ಉಳಿಯಿತು. ತಮ್ಮಂದಿರು ಓದಿ ಮುಗಿಸಿದರು.

ಆಮೇಲೆ ಅವರು ತರಗತಿಯಲ್ಲಿ ತಮ್ಮ ಹಳೆಯ ಮಾತನ್ನು ಬಿಟ್ಟರು. ಒಂದು ಮಧ್ಯಾಹ್ನ ಏಳನೇ ತರಗತಿಯ ಮಕ್ಕಳನ್ನು ಏನೂ ಕಾರಣ ಹೇಳದೆ ಬಿಸಿಲಿಗೆ ನಿಲ್ಲಿಸಿ ಕಾದರು. ಒಂದು ಮಗುವಾದರೂ ಯಾಕೆ ಎಂದು ಕೇಳಲಿ ಎಂಬ ಆಸೆ. ಮಕ್ಕಳು ಬೆವರು ಸುರಿಸುತ್ತ ನಿಂತೇ ಇದ್ದವು. ಅವರೇ ಸೋತು ಒಳಗೆ ಕರೆದು, "ನಾಳೆಯಿಂದ ನಾನು ಏನೇ ಹೇಳಿದ್ರೂ ಯಾಕೆ ಸಾರ್ ಅಂತ ಕೇಳ್ಬೇಕು" ಎಂದರು.

ಮರುದಿನ "ಎದ್ದು ನಿಲ್ಲಿ" ಎಂದರು. ಇಡೀ ತರಗತಿ ಎದ್ದು ನಿಂತು, ಮಗ್ಗಿ ಒಪ್ಪಿಸುವ ಹಾಗೆ ಒಂದೇ ರಾಗದಲ್ಲಿ "ಯಾಕೆ ಸಾರ್?" ಎಂದು ಕೂಗಿತು.

ಪಕ್ಕದ ಕೋಣೆಯಿಂದ ನನಗೆ ಅವರ ನಗು ಕೇಳಿಸಿತು. ಹೋಗಿ ನೋಡಿದರೆ ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. "ನಾನು ಹೇಳ್ದೆ ಅಂತ ಕೇಳ್ತಾವೆ ಟೀಚರಮ್ಮ," ಎಂದರು.

ನಿವೃತ್ತರಾದ ಮೇಲೆ ಅವರು ಊರೊಳಗೆ ಬರುವುದನ್ನೇ ಕಡಿಮೆ ಮಾಡಿದರು. ಜನ ಎದ್ದು ನಿಲ್ಲುವುದನ್ನು ನೋಡಲಾರದೆ ತೋಟದ ಹಿಂದಿನ ದಾರಿ ಹಿಡಿಯುತ್ತಿದ್ದರು. ಹೋಗಿ ಬರುವಾಗ ಕೆಂಪಯ್ಯನ ಮನೆಯ ಮುಂದೆ ಸುಮ್ಮನೆ ಒಂದಷ್ಟು ಹೊತ್ತು ಕೂರುತ್ತಿದ್ದರಂತೆ. ಎಂಬತ್ತರ ದಶಕದ ಮೊದಲಲ್ಲಿ, ಒಂದು ಬೇಸಿಗೆ, ಮಲಗಿದಲ್ಲೇ ಹೋದರು. ಅಷ್ಟರಲ್ಲಿ ನನಗೆ ಕಿಬ್ಬನಹಳ್ಳಿ ಕಡೆಗೆ ವರ್ಗವಾಗಿತ್ತು. ಸುದ್ದಿ ತಿಳಿದು ಬಸ್ಸು ಹಿಡಿದು ಹೋದೆ.

ಅವರ ತೋಟದಲ್ಲೇ ಮಣ್ಣು ಮಾಡುವುದೆಂದು ತೀರ್ಮಾನವಾಗಿತ್ತು. ಊರಿನ ಹಿರಿಯರೊಬ್ಬರು ಗುಂಪಿನಲ್ಲಿ ಕೆಂಪಯ್ಯನನ್ನು ಕಂಡು, "ಲೇ ಕೆಂಪ, ಹಾರೆ ತಗೊಂಡ್ ಬಾರ್ಲಾ, ಗುಂಡಿ ತೋಡು" ಎಂದರು.

"ನಾ ತೋಡಾಕಿಲ್ಲ."

ಜನರೆಲ್ಲ ತಿರುಗಿ ನೋಡಿದರು. ಅವನ ದನಿ ಜೋರಾಗಿಯೇನೂ ಇರಲಿಲ್ಲ.

"ಏನ್ಲಾ ಅಂದೆ? ನಿನ್ನ ಸಾಕಿದ ಮೇಷ್ಟ್ರು ಕಣ್ಲಾ!"

"ಗೊತ್ತೈತೆ. ನಾ ತೋಡಾಕಿಲ್ಲ ಅಂದ್ನಲ್ಲ."

ಹಿರಿಯರು ಬೈದರು. ಯಾರೋ ಅವನ ತೋಳು ಹಿಡಿದು ಎಳೆದರು. ಅವನು ಬಿಡಿಸಿಕೊಂಡು ಹೋಗಿ ಬದುವಿನ ಮೇಲೆ ಕೂತ. ಆ ಮಾತನ್ನು ಕೇಳಬೇಕಾಗಿದ್ದ ಮನುಷ್ಯ ಬಿಳಿ ಬಟ್ಟೆಯೊಳಗೆ ಕಣ್ಣು ಮುಚ್ಚಿದ್ದರು.

ಬೇರೆಯವರು ಗುಂಡಿ ತೋಡಿದರು, ಮಣ್ಣು ಎಳೆದರು. ಬಿಸಿಲು ಇಳಿಯಿತು, ಜನ ಒಬ್ಬೊಬ್ಬರೇ ಸ್ನಾನಕ್ಕೆ ಹೊರಟರು. ಆಗ ಕೆಂಪಯ್ಯ ಬದುವಿನಿಂದ ಎದ್ದು ಬಂದ. ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದು ಮೆಲ್ಲಗೆ ಸುರಿದ. ಮತ್ತೆ ಬಗ್ಗಿದ, ಮತ್ತೆ ಸುರಿದ. ಹಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.